ಆಷಾಢದಲ್ಲಿ ಬಿದ್ದ ಮೂರು ಲೋಡ್ ಸೌದೆ

ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಆಡುವ ಅಭ್ಯಾಸವೇ ನನಗೆ ಕಮ್ಮಿ. ಬಸ್ಸಿನಲ್ಲಿ ನಮ್ಮೂರ ಗೇಟು ಬಂದರೂ ‘ಹೋಲ್ಡಾನ್’ ಅನ್ನಲು ನಾಚಿಕೊಂಡು, ಮುಂದೆ ಹೊಂಗನೂರಿನಲ್ಲಿ ಎಲ್ಲರೂ ಇಳಿಯುವಾಗ ಇಳಿದು, ಅಲ್ಲಿಂದ ವಾಪಸು ನಡೆದು ಬರುವವಳು ನಾನು. ಡಿಗ್ರಿ ಮುಗಿದಿದೆ, ಡೈರಿ ಬರೆಯುತ್ತೇನೆ, ಅಷ್ಟೆ. ಆದ್ದರಿಂದ ಇದನ್ನೂ ನನಗೆ ನಾನೇ ಹೇಳಿಕೊಂಡೆ: ಪ್ರತಿಮಾ, ನಿಮ್ಮಪ್ಪ ನಿನಗೆ ಗೊತ್ತಾಗದ ಹಾಗೆ ನಿನ್ನ ಮದುವೆ ಮಾಡಲು ಹೊರಟಿದ್ದಾರೆ.

ಸಾಕ್ಷಿ, ಸೌದೆ.

ಆಷಾಢದ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಟ್ರಾಕ್ಟರ್ ಬಂದು ನಿಂತು, ಹುಣಸೆ ಮತ್ತು ಜಾಲಿಯ ಒಂದು ಲೋಡು ಸುರಿದು ಹೋಯಿತು. ಮಧ್ಯಾಹ್ನ ಇನ್ನೊಂದು. ಸಂಜೆ ಮತ್ತೊಂದು. ಕಡಿದ ಜಾಗದಲ್ಲಿ ಇನ್ನೂ ನೀರು ಜಿನುಗುತ್ತಿದ್ದ ಹಸೀ ಸೌದೆ.

ಪರಸ್ಥಳದವರಿಗೆ ಇದರಲ್ಲಿ ಗಾಬರಿ ಬೀಳುವಂಥದ್ದೇನಿದೆ ಅನ್ನಿಸಬಹುದು. ಈಗ ನಮ್ಮ ಕಡೆಯೂ ಅಡುಗೆಗೆ ಗ್ಯಾಸು, ಸ್ನಾನಕ್ಕೆ ಸೋಲಾರು. ಮದುವೆಗಳೆಲ್ಲ ಛತ್ರದಲ್ಲಿ, ಅಡುಗೆ ಕಂಟ್ರಾಕ್ಟಿನವರದು. ಆದರೆ ಬೀಗರೂಟ ಮಾತ್ರ ಮನೆ ಮುಂದೆಯೇ ಆಗಬೇಕು, ಅದರ ಬಾಡು ಸೌದೆ ಒಲೆಯ ಮೇಲೆಯೇ ಬೇಯಬೇಕು. ಗ್ಯಾಸಿನ ಮೇಲೆ ಬೆಂದ ಬಾಡು ಅಂತ ಗೊತ್ತಾಗಿ ಬೀಗರು ಎಲೆ ಬಿಟ್ಟು ಎದ್ದು ಹೋದ ಕಥೆಗಳು ಕನಕಪುರದಿಂದ ಮಾಗಡಿಯವರೆಗೆ ಓಡಾಡುತ್ತವೆ. ಹೀಗಾಗಿ ಒಂದು ಮನೆಯ ಮುಂದೆ ಮೂರು ಲೋಡು ಸೌದೆ ಬಿತ್ತು ಅಂದರೆ ಅದಕ್ಕೆ ಎರಡೇ ಅರ್ಥ. ಒಂದು, ಆ ಮನೆಯಲ್ಲಿ ಮದುವೆ. ಎರಡನೆಯದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಮದುವೆಗೆ ಇದ್ದವಳು ನಾನೊಬ್ಬಳೇ.

ಮೊದಲು ವಾಸನೆ ಹಿಡಿದದ್ದು ಎದುರುಮನೆಯ ಬೋರಮ್ಮತ್ತೆ.

“ಏನ್ ಬೋರಲಿಂಗಣ್ಣ, ಸೌದೆ ಬಿದ್ದದೆ?”

“ಹೂಂ, ಬಿದ್ದದೆ,” ಅಂದರು ಅಪ್ಪ.

“ಭಾಳ ಬಿದ್ದದೆ?”

“ಇರ್ಲಿ ಅಂತ.”

“ಆಷಾಢದಲ್ಲೇ?”

“ಈಗ್ಲೇ ಹಾಕುದ್ರೆ ತಾನೆ ಒಣಗೋದು?”

ಬೋರಮ್ಮತ್ತೆ “ಓಹೋ” ಅಂದರು. ಆ ‘ಓಹೋ’ ಬೀದಿಯ ಈ ತುದಿಯಲ್ಲಿ ಶುರುವಾಗಿ ಹಾಲಿನ ಡೈರಿಯವರೆಗೂ ಉದ್ದವಾಯಿತು. ಸಂಜೆ ಹೊತ್ತಿಗೆ ಊರಿನ ತೀರ್ಮಾನ ಹೊರಬಿತ್ತು: ಆಷಾಢದಲ್ಲಿ ಸೌದೆ ಹಾಕಿಸಿದ್ದಾನೆ ಅಂದರೆ ಶ್ರಾವಣದಲ್ಲೇ ಮದುವೆ, ಇಷ್ಟು ಅವಸರ ಅಂದರೆ ಒಳಗೆ ಏನೋ ಇದೆ, ಏನೋ ಇಲ್ಲದೆ ಬೋರಲಿಂಗಯ್ಯ ಯಾಕೆ ಯಾರಿಗೂ ಹೇಳಿಲ್ಲ?

ಊರಿನವರ ಮಾತು ಬಿಡಿ, ಅಪ್ಪನ ನಡವಳಿಕೆಯೇ ಸರಿ ಇರಲಿಲ್ಲ. ಎಂದೂ ಉಂಡ ತಟ್ಟೆ ಎತ್ತಿಡದ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಸೌದೆ ಸೀಳಲು ಕೂರುತ್ತಿದ್ದರು. ಸೀಳಿದ್ದನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ನಡುವೆ ಗಾಳಿಯಾಡಲು ಸಂದು ಬಿಟ್ಟು, ತಲೆಯ ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕ ತೆರೆದಿಟ್ಟರು. ಮಳೆ ಬಂದರೆ ಅಂಗಳದಲ್ಲಿ ಒಣಗಿದ ಬಟ್ಟೆ ಬಿಟ್ಟು ಸೌದೆಯ ಕಡೆ ಓಡುತ್ತಿದ್ದರು. ಅದಕ್ಕಿಂತ ಅನುಮಾನದ ಸಂಗತಿ ಇನ್ನೊಂದಿತ್ತು. ಆಚೀಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಎರಡು ಸೌದೆ ಎತ್ತಿ ಒಂದಕ್ಕೊಂದು ಬಡಿದು ಕಿವಿಗಿಟ್ಟುಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವ್ವ ಬಾಗಿಲಿಗೆ ಬಂದ ಕೂಡಲೇ ಸೌದೆ ಕೆಳಗಿಟ್ಟು ಮೋಡ ನೋಡುತ್ತಿದ್ದರು.

“ಕಿವಿಗಿಟ್ಕಂಡು ಕೇಳ್ತಾನೆ ಕಣೆ,” ಅಂದರು ಬೋರಮ್ಮತ್ತೆ ಅವ್ವನಿಗೆ. “ಸೌದೆ ತಾವ ಜಾತಕ ಕೇಳ್ತಾನೇನೋ ನಿನ್ ಗಂಡ!”

ಅವ್ವ ನಕ್ಕರು. ಒಳಗೆ ಬಂದ ಮೇಲೆ ನಗಲಿಲ್ಲ. ಬಾಗಿಲ ಸಂದಿಯಿಂದ ಅಪ್ಪನನ್ನೇ ನೋಡುತ್ತ ನಿಂತರು. ನಾನು ಕಿಟಕಿಯ ಸಂದಿಯಿಂದ ಇಬ್ಬರನ್ನೂ ನೋಡುತ್ತ ನಿಂತೆ.

ಶ್ರಾವಣದಲ್ಲಿ ಫಾರೆಸ್ಟ್ ಗಾರ್ಡ್ ಜಯಕುಮಾರ್ ಬಂದರು. ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ದರಂತೆ. ಬೈಕ್ ನಿಲ್ಲಿಸಿ, ಸೌದೆಯ ಸುತ್ತ ಪ್ರದಕ್ಷಿಣೆ ಹಾಕಿ, ಒಂದು ತುಂಡು ಎಳೆದು ಮೂಸಿದರು. ಇನ್ನೊಂದು ಎಳೆದು ಮೂಸಿದರು. ಬೀದಿಯ ಜನವೆಲ್ಲ ಜಗಲಿಗೆ ಬಂದರು.

“ಎಲ್ಲಿಂದ ಬಂತ್ರೀ ಇದು?”

“ನಮ್ ಹೊಲದ ಬದುವಿಂದೇ ಸಾರ್. ಹುಣ್ಸೆ, ಜಾಲಿ.”

“ಅದ್ ಮೇಲ್ಗಡೆ. ಅಡೀಲಿ ಏನೈತೆ?”

“ಅಡೀಲೂ ಹುಣ್ಸೆ, ಜಾಲಿನೇ ಸಾರ್.”

ಗಾರ್ಡು ಕಣ್ಣು ಕಿರಿದು ಮಾಡಿದರು. “ನೋಡಿ ಬೋರಲಿಂಗಯ್ಯನೋರೆ, ನಾನು ಸರ್ವೀಸಲ್ಲಿ ಎಷ್ಟೋ ಸೌದೆ ನೋಡಿದೀನಿ. ಇಷ್ಟ್ ನೀಟಾಗಿ ಯಾರೂ ಜೋಡಿಸಲ್ಲ. ಮುಚ್ಚಿಡೋಕೆ ಏನಾದ್ರೂ ಇದ್ದಾಗ್ಲೇ ಇಷ್ಟ್ ನೀಟು ಬರೋದು. ಯಾತಕ್ಕಿದು? ಇಷ್ಟೊಂದು ಸೌದೆ ಯಾತಕ್ಕೆ?”

ಅಪ್ಪ ಬಾಯಿ ತೆರೆದರು. ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಅವ್ವನನ್ನು ನೋಡಿದರು. ಬಾಯಿ ಮುಚ್ಚಿದರು. ಜಗಲಿ ತುಂಬ ಇದ್ದ ಜನವನ್ನು ನೋಡಿದರು. ಕೊನೆಗೆ ಕಿಟಕಿಯಲ್ಲಿದ್ದ ನನ್ನ ಮೂಗು ಕಂಡಿರಬೇಕು.

“ಮಗಳ ಮದ್ವೆಗೆ ಸಾರ್,” ಅಂದುಬಿಟ್ಟರು.

ಗಾರ್ಡಿನ ಮುಖ ಹೂವಾಯಿತು. “ಹಂಗನ್ನಿ ಮತ್ತೆ! ಬೀಗರೂಟಕ್ಕಾ? ಅದನ್ನ ಮೊದಲೇ ಹೇಳೋಕೇನು? ಮದುವೆ ಸೌದೆ ಅಂತ ಬಿಡ್ತಾ ಇದೀನಿ. ಪತ್ರಿಕೆ ಕೊಡೋದು ಮರೀಬೇಡಿ. ಮದುವೆ ಆಗೋದನ್ನ ಬಂದು ನೋಡ್ತೀನಿ.” ಆ ಕೊನೆಯ ಮಾತನ್ನು ಅವರು ಹರಸುವ ಹಾಗೂ ಹೇಳಿದರು, ಎಚ್ಚರಿಸುವ ಹಾಗೂ ಹೇಳಿದರು.

ಅವ್ವನ ಮೊರ ಗಾಳಿಯಲ್ಲೇ ನಿಂತಿತ್ತು. ಅದರಲ್ಲಿದ್ದ ಹುರುಳಿಕಾಳು ಒಂದೊಂದಾಗಿ ಕೆಳಗೆ ಬೀಳುತ್ತಿತ್ತು.

ಬೇರೆ ಮನೆಯಲ್ಲಾಗಿದ್ದರೆ ಆವತ್ತೇ ಒಂದು ಜಗಳ ನಡೆದು ಎಲ್ಲ ಇತ್ಯರ್ಥವಾಗುತ್ತಿತ್ತು. ನಮ್ಮದು ಮರ್ಯಾದಸ್ಥರ ಮನೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ತನಗೆ ಗೊತ್ತಿಲ್ಲದೆ ಮಗಳಿಗೆ ಗಂಡು ಗೊತ್ತು ಮಾಡಿದ್ದಾನೆ, ಖಂಡಿತ ಇದು ಉಯ್ಯಂಬಳ್ಳಿಯ ಅವನಕ್ಕನ ಕಿತಾಪತಿ ಅಂತ ಅವ್ವ ತೀರ್ಮಾನಿಸಿ, ತಾನಾಗಿ ಬಾಯಿ ಬಿಡಲಿ ಅಂತ ಅಪ್ಪನಿಗೆ ಸಾರು ತೆಳ್ಳಗೆ ಬಡಿಸತೊಡಗಿದರು. ಅಪ್ಪ ಆ ಸಾರನ್ನು ಮಾತಿಲ್ಲದೆ ಕುಡಿದರು. ಅಪ್ಪ ಅವ್ವ ಇಬ್ಬರೂ ಸೇರಿಯೇ ಇದನ್ನು ಮಾಡಿದ್ದಾರೆ, ಸಾರು ತೆಳ್ಳಗಾದದ್ದು ಮದುವೆ ಖರ್ಚಿಗೆ ಉಳಿಸಲು ಅಂತ ನಾನು ಅಂದುಕೊಂಡೆ.

ಅಪ್ಪನ ಸ್ಥಿತಿ ಇನ್ನೂ ವಿಚಿತ್ರ. ಗಾರ್ಡಿನಿಂದ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಅದು. ಮಾರನೆಯ ದಿನದಿಂದ ದಾರಿಯಲ್ಲಿ ಸಿಕ್ಕವರೆಲ್ಲ ಕೈ ಹಿಡಿದು ಕುಲುಕುತ್ತಿದ್ದರು.

“ಏನ್ಲಾ ಬೋರಾ, ಮಗಳ ಮದ್ವೆಯಂತೆ? ಹುಡ್ಗ ಒಳ್ಳೇ ಕೆಲ್ಸದಲ್ಲವ್ನಂತೆ?”

“ಹಂಗಂತಾರೆ,” ಅನ್ನುತ್ತಿದ್ದರು ಅಪ್ಪ.

“ಮಾಗಡಿ ಕಡೆ ಹುಡ್ಗನಂತಲ್ಲ?”

“ಹೌದಾ? ಇರ್ಬೋದು ಕಣ್ಲಾ.”

ಹೀಗೆ ಹತ್ತು ಜನ ಹೇಳಿದ ಮೇಲೆ ಅಪ್ಪನಿಗೂ ಅನುಮಾನ ಹತ್ತಿತು. ಊರೆಲ್ಲ ಹೇಳ್ತಾ ಐತೆ ಅಂದ ಮೇಲೆ ಒಸಿಯಾದರೂ ನಿಜ ಇರಲೇಬೇಕು. ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ? ತಾಯಿ ಮಗಳು ಸೇರಿಕೊಂಡು ತನಗೆ ಹೇಳದೆ ಗಂಡು ನೋಡಿಬಿಟ್ಟಿದ್ದಾರೆ! ತನ್ನ ಸುಳ್ಳನ್ನು ತಾನೇ ನಂಬಿ, ಮೂರು ದಿನ ಮುಖ ಊದಿಸಿಕೊಂಡು ತಿರುಗಿದರು.

ಶ್ರಾವಣ ಮುಗಿಯಿತು, ಮದುವೆ ಆಗಲಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು, ಸೌದೆ ಮಾತ್ರ ದಿನೇ ದಿನೇ ಒಣಗಿ, ತುದಿಗಳು ಬಿರುಕು ಬಿಟ್ಟು, ತೊಗಟೆ ತಾನಾಗಿ ಕಳಚಿ ಬೀಳತೊಡಗಿತು. ಊರಿನ ಸಂತೋಷವೂ ಹಾಗೇ ಒಣಗಿತು. ಸೌದೆ ಬಿದ್ದು ಮದುವೆ ಆಗಲಿಲ್ಲ ಅಂದರೆ ಏನೋ ಕೆಟ್ಟಿದೆ. ಗಂಡು ಓಡಿಹೋದ ಅಂತ ಒಂದು ಪಕ್ಷ. ಇಲ್ಲ, ಹುಡುಗಿಗೇ ಚನ್ನಪಟ್ಟಣದಲ್ಲಿ ಯಾರೋ ಇದ್ದಾನೆ ಅಂತ ಇನ್ನೊಂದು ಪಕ್ಷ. ಈ ಎರಡನೇ ಪಕ್ಷದ ಕೈಯಲ್ಲಿ ಸಾಕ್ಷಿಯೂ ಇತ್ತು.

“ಅಲ್ಲ ಕಣ್ರೇ, ನಮ್ಮೂರ್ ಗೇಟಲ್ಲಿ ಇಳೀದೆ ಹೊಂಗನೂರ್ ಗಂಟ ಹೋಗಿ ಒಬ್ಳೇ ನಡ್ಕಂಡ್ ಬತ್ತಾಳಲ್ಲ, ಯಾಕೆ? ಆ ದಾರೀಲಿ ಯಾರ್ನ ನೋಡಕ್ಕೆ?”

ಆ ದಾರಿಯಲ್ಲಿ ನಾನು ನೋಡಿದ್ದು ಹಿಪ್ಪುನೇರಳೆ ಗಿಡಗಳನ್ನು ಮಾತ್ರ. ಅದನ್ನು ಯಾರಿಗೆ ಹೇಳುವುದು? ಚನ್ನಪಟ್ಟಣದಿಂದ ನನ್ನ ಕ್ಲಾಸ್‌ಮೇಟ್ ಹಿನಾ ಮೆಸೇಜು ಹಾಕಿದಳು: ‘ಮದ್ವೆ ನಿಂತೋಯ್ತಂತೆ? ಆಗೋದಿತ್ತು ಅಂತಾನೂ ಹೇಳ್ಲಿಲ್ಲ ನೀನು.’ ಉತ್ತರ ಬರೆದು, ಅಳಿಸಿ, ಮತ್ತೆ ಬರೆದು, ಒಂದು ಕೈ ಮುಗಿಯುವ ಚಿತ್ರ ಕಳಿಸಿದೆ. ಅದನ್ನು ಅವಳು ಹೇಗೆ ಅರ್ಥ ಮಾಡಿಕೊಂಡಳೋ, ಅಳುವ ಮುಖ ಬಂತು.

ಅಷ್ಟರಲ್ಲಿ ಚಳಿ ಬಂತು, ನಮ್ಮ ಹುಳವೂ ಬಂತು. ನಮ್ಮದು ರೇಷ್ಮೆಯ ಮನೆ. ಚಳಿಗಾಲದಲ್ಲಿ ಹುಳುಮನೆ ಬೆಚ್ಚಗಿರಬೇಕು, ಇಲ್ಲದಿದ್ದರೆ ಹುಳ ಸೊಪ್ಪು ಮುಟ್ಟದೆ ಮುದುಡಿ ಮಲಗುತ್ತದೆ. ಈ ಸಲ ಅವ್ವ ರಾಮನಗರದಿಂದ ಕರೆಂಟಿನ ಹೀಟರ್ ತರಿಸಿದ್ದರು. ನಮ್ಮೂರ ಕರೆಂಟಿಗೆ ಹುಳದ ಕಷ್ಟ ಗೊತ್ತಿಲ್ಲ. ಬೆಳಗಿನ ಚಳಿಯಲ್ಲೇ ಹೋಗುತ್ತದೆ. ಆದರೂ ಹುಳುಮನೆ ಬೆಚ್ಚಗೇ ಇತ್ತು. ಅವ್ವನಿಗೆ ಹೆಮ್ಮೆಯೋ ಹೆಮ್ಮೆ.

“ನೋಡಿ ಬೋರಮ್ಮಕ್ಕ, ಕರೆಂಟ್ ಹೋದ್ರೂ ಕಾವು ಹಂಗೇ ಹಿಡ್ಕಂಡೈತೆ. ಒಳ್ಳೇ ಕಂಪ್ನಿ ಹೀಟರ್ರು!”

ಬೋರಮ್ಮತ್ತೆ ಹೀಟರಿಗೆ ಕೈಮುಗಿದು ಹೋದರು. ನಾನು ಹೀಟರ್ ಮುಟ್ಟಿ ನೋಡಿದೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಕೋಣೆ ಮಾತ್ರ ಬೆಚ್ಚಗೆ. ಇದರಲ್ಲೂ ಏನೋ ಇದೆ ಅನ್ನಿಸಿತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೆಕ್ಕು ಹಾಲು ಕುಡಿದರೂ ಏನೋ ಇದೆ ಅನ್ನಿಸುವಂತಾಗಿತ್ತು.

ಮಾರನೆಯ ಬೆಳಿಗ್ಗೆ ಅವ್ವ ಡೈರಿಗೆ ಹಾಲು ಹಾಕಲು ಹೋದಾಗ ಹುಳುಮನೆಯ ಹಿಂದಿನ ಕಿರುಕೋಣೆಯ ಬಾಗಿಲು ತಳ್ಳಿದೆ. ಹಳೇ ಸಾಮಾನು ತುಂಬುವ ಕೋಣೆ ಅದು. ಅಪ್ಪ ಅಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಎದುರಿಗೆ ತಗಡಿನ ಡ್ರಮ್ಮಿನ ಒಲೆ. ಅದರ ಕೊಳವೆ ಗೋಡೆ ತೂರಿ, ಹುಳುಮನೆಯ ಉದ್ದಕ್ಕೂ ಹಾದು ಹಿತ್ತಿಲಿಗೆ ಹೋಗಿತ್ತು. ಅದನ್ನು ‘ಗಾಳಿ ಆಡೋ ಪೈಪು’ ಅಂತ ಅವ್ವನಿಗೆ ಹೇಳಿ ಹಾಕಿಸಿದ್ದರು. ಒಲೆಯಲ್ಲಿ ಬೆಂಕಿ ಚಟಪಟ ಉರಿಯುತ್ತಿತ್ತು. ಕೋಣೆಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ.

ಅಪ್ಪ ನನ್ನನ್ನು ನೋಡಿ ಎರಡೂ ಕೈ ಒಲೆಗೆ ಅಡ್ಡ ಹಿಡಿದರು, ಅಷ್ಟು ದೊಡ್ಡ ಡ್ರಮ್ಮು ಕೈಯಲ್ಲಿ ಮುಚ್ಚಿಹೋಗುತ್ತದೆ ಅನ್ನುವ ಹಾಗೆ.

“ನಿಮ್ಮವ್ವಂಗೆ ಹೇಳ್ಬುಟ್ಯಾ?”

ನಾನು ಇಲ್ಲ ಅಂತ ತಲೆಯಾಡಿಸಿದೆ.

ಅಪ್ಪ ಸುಧಾರಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಎಲ್ಲ ಹೇಳಿದರು. ಹೋದ ಚಳಿಗಾಲದಲ್ಲಿ ಅವರು ಹುಳುಮನೆಯಲ್ಲಿ ಹಸೀ ಸೌದೆ ಹಚ್ಚಿ, ಹೊಗೆ ತುಂಬಿ, ಒಂದು ಇಡೀ ಬೆಳೆ ತಟ್ಟೆಯ ಮೇಲೇ ಸತ್ತಿತ್ತಲ್ಲ, ಆಗ ಅವ್ವ ಅವರನ್ನು ಕೆಂಗಲ್ ಹನುಮಂತರಾಯನ ಮುಂದೆ ನಿಲ್ಲಿಸಿ, ಇನ್ನು ಮೇಲೆ ಹುಳುಮನೆಯಲ್ಲಿ ಬೆಂಕಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿಸಿದ್ದರು. ಅಪ್ಪನಿಗೆ ಆ ಅವಮಾನ ಜೀರ್ಣವಾಗಿರಲಿಲ್ಲ. ಬೇಸಿಗೆಯಲ್ಲಿ ರೇಷ್ಮೆಯವರ ಒಂದು ತರಬೇತಿಗೆ ಹೋಗಿದ್ದಾಗ ಯಾರೋ ಹೇಳಿದರಂತೆ: ತಪ್ಪು ಒಲೆಯದಲ್ಲ, ಸೌದೆಯದು.

“ನೀರಿರೋ ಸೌದೆ ಹಾಕುದ್ರೆ ಬೆಂಕಿ ಮೊದ್ಲು ಆ ನೀರ್ ಕಾಯ್ಸ್ತದೆ ಮಗಾ. ಆಮ್ಯಾಕೆ ಹೊಗೆ ಕೊಡ್ತದೆ. ಇನ್ನು ಮನೆ ಕಾಯ್ಸೋದು ಯಾವಾಗ? ಅದ್ಕೇ ಸೀಳಿ, ಗಾಳಿಗಿಟ್ಟು, ಆಷಾಢದಿಂದ ಒಣಗಿಸ್ದೆ. ಕೇಳಿಲ್ಲಿ.” ಎರಡು ಸೀಳು ಬಡಿದು ನನ್ನ ಕಿವಿಗೆ ಹಿಡಿದರು. “ಠಣ್ ಅಂತಾ? ಒಣಗ್ದೆ ಇದ್ರೆ ಧಡ್ ಅಂತದೆ. ನಿಮ್ಮವ್ವ ಹಿತ್ಲಲ್ಲೇ ಓಡಾಡ್ತಾಳೆ, ಒಂದಿನಾನೂ ಹೊಗೆ ಕಂಡಿಲ್ಲ ಅವ್ಳಿಗೆ! ಗೂಡು ಕಟ್ಟೋಗಂಟ ಸುಮ್ನಿರು. ಗೂಡು ತಂದು ಅವ್ಳ ಮುಂದೆ ಸುರ್ದು, ಆಮ್ಯಾಕೆ ಹೇಳ್ತೀನಿ, ನೋಡೇ, ಹೀಟರ್ರಲ್ಲ, ನಾನು ಅಂತ.”

ಅಂದರೆ ಮದುವೆಯ ಸೌದೆ ಅಲ್ಲ. ಗಂಡೂ ಇಲ್ಲ, ಬೀಗರೂ ಇಲ್ಲ. ನನಗೆ ನಗು ಬಂತು. ಅಪ್ಪ ನನ್ನ ನಗುವನ್ನೇ ಓರೆಗಣ್ಣಲ್ಲಿ ನೋಡಿ, ಇನ್ನೂ ಹತ್ತಿರ ಸರಿದರು.

“ನಾನು ನನ್ ಗುಟ್ಟು ಹೇಳ್ಬುಟ್ಟೆ. ಈಗ ನೀನ್ ಹೇಳು. ನೀನೂ ನಿಮ್ಮವ್ವನೂ ನೋಡಿರೋ ಹುಡ್ಗ ಯಾರು?”

ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ನಮ್ಮ ಕಡೆ ಹೆಣ್ಣುಮಗಳು ತಲೆಯನ್ನು ಹೇಗೆ ಆಡಿಸಿದರೂ ಒಪ್ಪಿಗೆ ಅಂತಲೇ ಲೆಕ್ಕ. “ಆಯ್ತು ಬುಡು, ನಾಚ್ಕೋಬೇಡ. ನಿಧಾನಕ್ಕೆ ಹೇಳು,” ಅಂದು ಅಪ್ಪ ಒಲೆಗೆ ಇನ್ನೊಂದು ಸೀಳು ಹಾಕಿದರು.

ನಾನು ಹೇಳುವುದಕ್ಕೆ ಮೊದಲೇ ಉಯ್ಯಂಬಳ್ಳಿಯಿಂದ ಮುನಿಯಮ್ಮತ್ತೆ ಬಂದಿಳಿದರು.

ಮುನಿಯಮ್ಮತ್ತೆ ಅಪ್ಪನ ಅಕ್ಕ. ಕನಕಪುರ ಸೀಮೆಯಲ್ಲಿ ಅವರ ದನಿಗೆ ಎಮ್ಮೆಗಳು ಕಟ್ಟಿದ ಗೂಟ ಬಿಟ್ಟು ಎದ್ದು ನಿಲ್ಲುತ್ತವೆ. ಬಸ್ಸಿಳಿದವರು ಒಳಗೆ ಬರದೆ ಸೌದೆಯ ಪಕ್ಕದಲ್ಲೇ ನಿಂತು, ಅದನ್ನು ಕೊಲೆಯಾದ ಹೆಣ ನೋಡುವ ಹಾಗೆ ನೋಡಿದರು.

“ಲೇ ಬೋರಾ! ಬಾರೋ ಈಚೆಗೆ! ನಿನ್ ಮಗಳ ಮದ್ವೆ ಅಂತ ಊರೋರಿಂದ ಕೇಳೋ ಗತಿ ಬಂತಲ್ಲೋ ನಂಗೆ! ನನ್ ಮಗ ಪುನೀತ ಬದ್ಕಿರುವಾಗ ಹೊರಗ್ನೋರಿಗೆ ಯಾಕೋ ಹೆಣ್ ಕೊಡಕ್ಕೋದೆ? ಈಗೇನಾಯ್ತು? ಸೌದೆ ಒಣಗ್ತು, ಗಂಡು ಬುಟ್ಟೋದ! ಊರೋರೆಲ್ಲ ನಮ್ ಮನೆ ಮಗೀನ್ ಮೇಲೆ ಏನೇನ್ ಮಾತಾಡ್ತಾವ್ರೆ ಗೊತ್ತಾ?”

ಅವ್ವ ಅಡುಗೆಮನೆ ಬಾಗಿಲಿಗೆ ಬಂದು, ಅಪ್ಪನನ್ನು ನೋಡಿ, “ನಂಗೆಲ್ಲ ಗೊತ್ತಿತ್ತು,” ಅಂದರು. ಅವ್ವನಿಗೆ ಏನು ಗೊತ್ತಿತ್ತು ಅಂತ ಅಪ್ಪನಿಗೆ ಗೊತ್ತಾಗಲಿಲ್ಲ. ಅಕ್ಕನನ್ನು ಕರೆಸಿದ್ದೇ ಇವಳು ಅಂತ ಅಪ್ಪ ಅಂದುಕೊಂಡರು.

“ಆಗಿದ್ದಾಯ್ತು,” ಅಂದರು ಅತ್ತೆ, ಕಣ್ಣೊರೆಸಿಕೊಂಡು. “ಮನೆ ಮರ್ವಾದೆ ಉಳ್ಸ್‌ಬೇಕು. ಪುನೀತಂಗೇ ಕೊಡು. ಅವನೇನ್ ಬ್ಯಾಡ ಅನ್ನಲ್ಲ, ಜೇಸಿಬಿ ಓಡಿಸ್ಕಂಡ್ ಆರಾಮಾಗವ್ನೆ. ಇದು ಮದ್ವೆ ಸೌದೆ ತಾನೆ? ಹೇಳು, ಮದ್ವೆ ಸೌದೆ ತಾನೆ?”

ಅಪ್ಪನಿಗೆ ಎರಡು ದಾರಿ ಇತ್ತು. ಅದು ಮದುವೆ ಸೌದೆಯಲ್ಲ ಅಂದರೆ, ಬಾಗಿಲಲ್ಲಿ ನಿಂತಿರುವ ಅವ್ವ ‘ಮತ್ತೆ ಯಾತಕ್ಕೆ?’ ಅನ್ನುತ್ತಾರೆ, ಆಣೆ, ಡ್ರಮ್ಮು, ಪೈಪು, ಎಲ್ಲ ಈಚೆಗೆ ಬರುತ್ತದೆ. ಇಲ್ಲವೇ ಮಗಳನ್ನು ಪುನೀತನಿಗೆ ಕೊಡಬೇಕು. ಅಪ್ಪ ಎರಡನ್ನೂ ತೂಗಿ ನೋಡಿದರು. ಹೆಂಡತಿಗೆ ನಿಜ ಹೇಳುವುದಕ್ಕಿಂತ ಮಗಳನ್ನು ಧಾರೆಯೆರೆಯುವುದು ಸುಲಭ ಅಂತ ಕಂಡಿತು.

“ಆಯ್ತು ಕಣಕ್ಕ,” ಅಂದರು.

ಅತ್ತೆ ನನ್ನ ಗಲ್ಲ ಹಿಂಡಿದರು. “ಏನಮ್ಮಿ, ಮಾತೇ ಇಲ್ಲ! ನೋಡು, ಎಂಗೆ ತಲೆ ತಗ್ಗಿಸ್ಕಂಡವ್ಳೆ. ಒಪ್ಕಂಡ್ಲು!”

ನಾನು ತಲೆ ತಗ್ಗಿಸಿದ್ದು ಅತ್ತೆ ನನ್ನ ಕಾಲ ಮೇಲೆ ನಿಂತಿದ್ದರಿಂದ.

ಸಂಜೆ ಕಿರುಕೋಣೆಯ ಹತ್ತಿರ ಅಪ್ಪ ಪಿಸುಗುಟ್ಟಿದರು: “ಗೂಡು ಕಟ್ಟೋಗಂಟ ತಡ್ಕೋ ಮಗಾ. ಆಮ್ಯಾಕೆ ಏನಾರ ಮಾಡವ.” ಹುಳ ಆಗಿನ್ನೂ ಮೂರನೇ ಜ್ವರಕ್ಕೆ, ಅಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆಗೆ, ಹೋಗಿತ್ತು. ಗೂಡಿಗೆ ಇನ್ನೂ ಎರಡು ವಾರ ಬೇಕು. ವೀಳ್ಯಶಾಸ್ತ್ರ ಬರುವ ಗುರುವಾರಕ್ಕೇ ಗೊತ್ತಾಗಿತ್ತು.

ಗುರುವಾರ ಉಯ್ಯಂಬಳ್ಳಿಯಿಂದ ಟೆಂಪೋ ತುಂಬ ನೆಂಟರು ಬಂದರು. ಪುನೀತ್ ಬಾವ ಹೊಸ ಶರಟು ಹಾಕಿಕೊಂಡು ಬಂದು, ಎಲ್ಲಕ್ಕಿಂತ ಮೊದಲು ಸೌದೆಯನ್ನು ನೋಡಿ, “ಮಾವ, ಇದನ್ನ ನಮ್ ಜೇಸಿಬೀಲಿ ಎತ್ತುದ್ರೆ ಎಲ್ಡೇ ಬಕೆಟ್ಟು,” ಅಂದರು. ಆವತ್ತು ನನ್ನ ಬಗ್ಗೆ ಅವರು ಆಡಿದ ಮಾತು ಅಷ್ಟೇ, ಅದೂ ಸೌದೆಯ ಬಗ್ಗೆ. ಗಾರ್ಡ್ ಜಯಕುಮಾರ್ ಕೂಡ ಯಾರೂ ಕರೆಯದೆ ಬಂದು, ಮುಂದಿನ ಕುರ್ಚಿಯಲ್ಲಿ ಕೂತು, ತಾಂಬೂಲದ ತಟ್ಟೆಯ ಮೇಲೂ ಸೌದೆಯ ಮೇಲೂ ಒಂದೊಂದು ಕಣ್ಣಿಟ್ಟಿದ್ದರು.

ಅಂಗಳದಲ್ಲಿ ಕಲ್ಲು ಹೂಡಿ, ಅನ್ನ ಸಾರಿನ ಕೊಪ್ಪರಿಗೆ ಏರಿಸಿದರು. ಇಬ್ಬರು ನೆಂಟರು ಸೌದೆ ತರಲು ತಗಡು ಎತ್ತಿದ್ದೇ ತಡ, ಅಪ್ಪ ಎರಡೂ ಕೈ ಚಾಚಿ ಅಡ್ಡ ನಿಂತರು.

“ಅದ್ ಬ್ಯಾಡ! ಅದು... ಅದು ಬೀಗರೂಟಕ್ಕೆ ಅಂತ ಮಡಗಿರೋದು! ಮೊನ್ನೆ ಕಡ್ದಿರೋ ಹೊಂಗೆ ಐತೆ, ಅದ್ ತಗಳಿ!”

“ನೋಡ್ರಪ್ಪ, ನನ್ ತಮ್ಮನ್ ಗತ್ತು!” ಅಂತ ಅತ್ತೆ ಹಿಗ್ಗಿದರು. “ಬೀಗರಿಗೆ ಅಂತ ಒಂದ್ ಕಡ್ಡೀನೂ ಮುಟ್ಟಿಸ್ತಿಲ್ಲ!”

ಹಸೀ ಹೊಂಗೆ ಒಲೆಗೆ ಹೋಯಿತು. ಮೊದಲು ಸುಯ್ಯೆಂದು ಅತ್ತಿತು. ತುದಿಯಲ್ಲಿ ನೊರೆ ಬಂತು. ಆಮೇಲೆ ಹೊಗೆ ಬಂತು. ಬೂದು ಬಣ್ಣದ, ದಪ್ಪ ಕಂಬಳಿಯಂಥ ಹೊಗೆ. ಶಾಮಿಯಾನದ ಕೆಳಗೆ ನುಗ್ಗಿ ಕುರ್ಚಿಗಳ ಮಧ್ಯೆ ಕೂತುಬಿಟ್ಟಿತು. ಪುರೋಹಿತರ ಮಂತ್ರ ಕೆಮ್ಮಿಗೆ ತಿರುಗಿತು. ಪುನೀತ್ ಬಾವ ಹೊಸ ಶರಟಿನ ತೋಳಲ್ಲಿ ಕಣ್ಣೊರೆಸಿಕೊಂಡರು. ನನ್ನ ಕಣ್ಣಿಂದ ನೀರು ಧಾರೆಯಾಗಿ ಹರಿಯಿತು.

“ಅಳ್ಬೇಡ ಕಣಮ್ಮಿ,” ಅಂತ ಅತ್ತೆ ತಾವೂ ಅಳುತ್ತ ನನ್ನ ಬೆನ್ನು ಸವರಿದರು. “ಎಲ್ಲಿಗೋಯ್ತಿಯಾ? ಅತ್ತೆ ಮನೆಗೆ ತಾನೆ!”

“ಹೆಣ್ ಕೊಡೋ ಮನೇಲಿ ಕಣ್ಣೀರ್ ಬರೋದು ಸರಿ,” ಅಂದರು ಬೋರಮ್ಮತ್ತೆ ಸೆರಗು ಮೂಗಿಗೆ ಹಿಡಿದು. “ಗಾರ್ಡೂ ಅಳ್ತಾವ್ನಲ್ಲ, ಅವನ್ದೇನ್ ಹೋಯ್ತು?”

ಅವ್ವ ಅಳಲಿಲ್ಲ. ಹೊಗೆಯ ನಡುವೆ ನೆಟ್ಟಗೆ ನಿಂತು, ಮೂಗು ಅರಳಿಸಿ, ಒಂದೇ ಉಸಿರಲ್ಲಿ ಹುಳುಮನೆಗೆ ಓಡಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಬಂದರು. ಬಂದವರು ಸೊಂಟದ ಮೇಲೆ ಕೈಯಿಟ್ಟರು.

“ಈ ಹೊಗೆ ನಂಗೊತ್ತು. ಹೋದ್ಸಲ ನನ್ ಹುಳ ತಿಂದಿದ್ದು ಇದೇ ಹೊಗೆ. ಆಳೆತ್ತರ ಒಣಗಿದ್ ಸೌದೆ ಮಡಿಕ್ಕಂಡು ಹಸೀದ್ ಯಾಕ್ ಕೊಟ್ಟೆ? ನಿಜ ಹೇಳು. ಆ ಸೌದೆ ಯಾತಕ್ಕೆ?”

ಅಪ್ಪ ತಗಡಿಗೆ ಬೆನ್ನು ಕೊಟ್ಟು ನಿಂತಿದ್ದರು. “ಬೀಗ... ಬೀಗರೂಟಕ್ಕೆ...”

“ಆರ್ ತಿಂಗ್ಳಿಂದ ಸೀಳಿ, ಬಡಿದು, ಕಿವಿಗಿಟ್ಕಂಡಿದ್ದು ಬೀಗರೂಟಕ್ಕಾ?”

ಗಾರ್ಡು ಕರ್ಚೀಫು ತೆಗೆದು ಎದ್ದು ನಿಂತರು. “ಬೋರಲಿಂಗಯ್ಯನೋರೆ, ಮದುವೆಗೆ ಅಂತ ನನ್ ಮುಂದೆ ಹೇಳಿದೀರಿ. ಅಲ್ಲ ಅನ್ನೋದಾದ್ರೆ ತಗಡು ಎತ್ತಬೇಕಾಯ್ತದೆ. ಅಡೀಲಿ ಏನೈತೆ ಅಂತ ನಂಗೆ ಆವತ್ತಿಂದ್ಲೂ ಡೌಟು.”

ಅತ್ತೆಯ ಅಳು ಥಟ್ಟನೆ ನಿಂತಿತು. ಅಪ್ಪನನ್ನು ನೋಡಿದರು, ಅವ್ವನನ್ನು ನೋಡಿದರು.

“ಓಹೋ! ಸೌದೆ ಹಾಕ್ದಾಗ ನನ್ ಮಗನ್ ಮಾತೇ ಇರ್ಲಿಲ್ಲ. ಹಂಗಾರೆ ಇದು ನನ್ ಮಗನ್ ಬೀಗರೂಟಕ್ಕಲ್ಲ. ಇನ್ನೂ ಒಬ್ಬ ಅವ್ನೆ! ಅವ್ನಿಗೆ ಅಂತ್ಲೇ ಮುಟ್ಟಿಸ್ದೆ ಕಾಯ್ತಾವ್ನೆ ಇವ್ನು!” ಅಲ್ಲಿಂದ ನೇರವಾಗಿ ನನ್ನ ಕಡೆ ತಿರುಗಿದರು. “ಹೇಳಮ್ಮಿ. ಯಾರವ್ನು? ಆ ಹುಡ್ಗ ಯಾರು?”

ಹೊಗೆಯೊಳಗಿಂದ ಎಲ್ಲ ಮುಖಗಳೂ ಮುಂದಕ್ಕೆ ಬಾಗಿದವು. ಬೋರಮ್ಮತ್ತೆ ಕಿವಿಯ ಮೇಲಿದ್ದ ಸೆರಗು ಸರಿಸಿಕೊಂಡರು. ಪುರೋಹಿತರು ಕೆಮ್ಮು ತಡೆದು ಹಿಡಿದರು. ಅವ್ವನೂ ಬಾಗಿದರು, ಗಾರ್ಡೂ ಬಾಗಿದರು. ತಗಡಿಗೆ ಒರಗಿದ್ದ ಅಪ್ಪ ಕಣ್ಣಲ್ಲೇ ನನ್ನನ್ನು ಬೇಡುತ್ತಿದ್ದರು: ಹೇಳಬೇಡ, ಗೂಡು ಕಟ್ಟೋಗಂಟ ಹೇಳಬೇಡ. ಆದರೂ ಹುಡುಗನ ಹೆಸರು ಕೇಳಿಸಲಿ ಅಂತ ಅವರೂ ಒಂದು ಕಿವಿಯನ್ನು ಈ ಕಡೆಗೇ ಇಟ್ಟಿದ್ದರು.

ನಾನು ಚಾಪೆಯಿಂದ ಎದ್ದು ನಿಂತೆ. ಮಡಿಲಲ್ಲಿದ್ದ ವೀಳ್ಯದೆಲೆ ಕೆಳಗೆ ಬಿತ್ತು. ನನ್ನ ದನಿ ಇಷ್ಟು ದೊಡ್ಡದು ಅಂತ ನನಗೂ ಗೊತ್ತಿರಲಿಲ್ಲ.

“ಸೌದೆ ಯಾತಕ್ಕಾದ್ರೂ ಇರ್ಲಿ ಅತ್ತೆ. ಆಷಾಢದಿಂದ ಎಲ್ರೂ ಹುಡ್ಗ ಯಾರು, ಹುಡ್ಗ ಯಾರು ಅಂತ ಕೇಳಿದ್ರಿ. ಮದ್ವೆ ಆಯ್ತೀಯಾ ಅಂತ ನನ್ನ ಒಬ್ರೂ ಕೇಳ್ಲಿಲ್ಲ. ನಾನು ಆಗಲ್ಲ.”